ಹಾಡು ಕೇಳಿದವರು

ರಾಸ್ ಅಲ್ ಖೈಮಾದ ಊರಾಚೆ, ಹಿನ್ನೀರು ಒಣಗಿ
ನೆಲ ಬೆಳ್ಳಗೆ ಬಿರಿಯುವ ಜಾಗ. ಗರಿಕೆ ಕೂಡ ಹುಟ್ಟದು.
ಮೀಡಿಯಂ ವೇವ್ ಕಂಬ ನೆಡಲು ಅದನ್ನೇ ಆರಿಸಿದರು
ಸುಡಾನಿನ ಇಂಜಿನಿಯರ್ ಹಾಶಿಂ ಸಾಹೇಬರು.
ಚಿಟಿಕೆ ಮಣ್ಣು ನಾಲಿಗೆಗಿಟ್ಟು
“ಉಪ್ಪಿದೆ, ಅಡಿಯಲ್ಲಿ ಒದ್ದೆಯಿದೆ,
ದನಿ ಚೆನ್ನಾಗಿ ಬೆಳೆಯುತ್ತದೆ” ಅಂದರು.
ತಲೆ ಕೆಟ್ಟಿರಬೇಕು ಅಂದುಕೊಂಡೆ. ಆಗ ನನಗೆ ಇಪ್ಪತ್ತೆರಡು.
ಉಚ್ಚಿಲದ ಐಸ್ ಪ್ಲಾಂಟಿನಲ್ಲಿ ಮೋಟಾರು ಬಿಚ್ಚಿ ಜೋಡಿಸುತ್ತಿದ್ದ ಹಮ್ಮಬ್ಬ.

ಕಂಬದ ಬುಡದಿಂದ ಸುತ್ತಲೂ
ನೂರಿಪ್ಪತ್ತು ತಾಮ್ರದ ತಂತಿ ಹೂತೆವು, ಗೇಣು ಆಳಕ್ಕೆ.
ಒಂಟೆಗಳು ಬಂದು ಬಿಗಿತಂತಿಗೆ ಮೈ ಉಜ್ಜಿಕೊಂಡು ಹೋದವು.
ಬೇಸಿಗೆಯಲ್ಲಿ ಇನ್ಸುಲೇಟರಿಗೆ ಉಪ್ಪು ಹತ್ತಿ
ರಾತ್ರಿ ಕಿಡಿ ಸಿಡಿಯುತ್ತಿತ್ತು;
ಕಿಡಿಯೊಳಗೇ ಸಣ್ಣಗೆ, ಸೊಳ್ಳೆಯ ಹಾಗೆ,
ಯಾರೋ ವಾರ್ತೆ ಓದುತ್ತಿದ್ದರು.
ಶುಕ್ರವಾರ ಬೆಳಗಿನ ಜಾವ ಕರೆಂಟು ಆರಿಸಿ
ಸಿಹಿನೀರಲ್ಲಿ ಅದರ ಮುಖ ತೊಳೆಯುವುದು ನನ್ನ ಕೆಲಸ.

ಹಗಲೆಲ್ಲ ಅರಬ್ಬಿ. ಸಂಜೆ ಉರ್ದು, ಮಲಯಾಳಂ.
ಮಂಗಳವಾರ ಮಾತ್ರ, ಒಂಬತ್ತೂ ಮುಕ್ಕಾಲಿಗೆ, ಕನ್ನಡ.
ಹದಿನೈದು ನಿಮಿಷ.
ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಿಂದ
ನರ್ಸ್ ಐರಿನ್ ಬರೆಟ್ಟೊ ಬಿಳಿ ಬೂಟಿನಲ್ಲೇ ಓಡಿ ಬರುವರು.
ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ,
ಕ್ಯಾಂಪುಗಳಲ್ಲಿ ಕಿವಿಗೊಟ್ಟವರದ್ದು ತುಳು, ನವಾಯತಿ, ಏನೇನೋ.
ಕನ್ನಡ ನಮಗೆಲ್ಲ ಶಾಲೆ ಕೊಟ್ಟ ಇಸ್ತ್ರಿಯ ಅಂಗಿ,
ತೊಟ್ಟಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಗೋಡೆಯ ಮೇಲೆ ನಿಯಮ: ಖಾಸಗಿ ಸಂದೇಶ ಕೂಡದು.
ಮದುವೆ, ಮಯ್ಯತ್ತು, ಡ್ರಾಫ್ಟ್ ತಲುಪಿತೇ, ಯಾವುದೂ ಕೂಡದು.
ಹಾಡು ಕೇಳಿದವರ ಹೆಸರು ಓದಬಹುದು.

ತೊಂಬತ್ತರ ಆಗಸ್ಟು. ಕುವೈತಿನ ಫೋನು ಸತ್ತಿತ್ತು.
ಟ್ರಕ್ಕು, ಬಸ್ಸು, ಯಾರದೋ ಪಿಕಪ್ಪು ಹಿಡಿದು
ಮರಳು ದಾಟಿದ ಒಂದಷ್ಟು ಜನ
ನಮ್ಮೂರ ಶಾಲೆಯೊಂದರಲ್ಲಿ ಚಾಪೆ ಹಾಸಿದ್ದರು.
ಗ್ಲೂಕೋಸ್ ಏರಿಸಲು ಹೋದ ಐರಿನ್
ಜ್ವರದ ಚಾರ್ಟಿನ ಹಿಂಬದಿಗೆ ಹೆಸರು ಗೀಚಿ ತಂದರು.

“ಈ ವಾರ ಹಾಡು ಕೇಳಿದವರು:
ಗಂಗೊಳ್ಳಿಯ ದುರ್ಗ ಖಾರ್ವಿ.
ಭಟ್ಕಳದ ಮುಝಫರ್ ಕೋಲಾ, ಅವರ ತಮ್ಮ.
ಕಟಪಾಡಿಯ ಕೊರಗು ಪೂಜಾರಿ.
ಶಿರ್ವದ ಲಿಗೋರಿ ಮಥಾಯಸ್, ಪತ್ನಿ ಸೆವ್ರಿನ್,
ಅವರ ಹನ್ನೊಂದು ದಿನದ ಮಗು.
ಹೆಸರು ಇನ್ನೂ ಇಟ್ಟಿಲ್ಲ. ಅದೂ ಹಾಡು ಕೇಳಿದೆ.”

ಟೇಪು ಏರಿಸಿ ಕಾದಿದ್ದೆ. ಅವರು ಕೈ ಎತ್ತಲೇ ಇಲ್ಲ.
ಒಂದು ಹೆಸರು, ಒಂದು ಊರು, ಒಂದು ಉಸಿರು.
ಮತ್ತೊಂದು.

ರಾತ್ರಿಯ ಅಲೆ ಆಕಾಶಕ್ಕೆ ತಾಗಿ ಕಡಲಾಚೆ ಇಳಿಯುತ್ತದೆ.
ಬೇರೆಯವರ ಸ್ಟೇಷನ್ ತುಳಿಯದಿರಲೆಂದು
ಒಂಬತ್ತೂವರೆಗೆ ಪವರ್ ಇಳಿಸಬೇಕು.
ನಾಬಿನ ಮೇಲೆ ಕೈಯಿತ್ತು. ಇಳಿಸಲಿಲ್ಲ.
ಇಲ್ಲಿ ಒಂಬತ್ತೂ ಮುಕ್ಕಾಲಾದರೆ ಅಲ್ಲಿ ಹನ್ನೊಂದೂ ಕಾಲು,
ಯಾರು ಎದ್ದಿರುತ್ತಾರೋ,
ಎದ್ದವರು ಮುಳ್ಳನ್ನು ಇಷ್ಟು ಎಡಕ್ಕೆ ತಿರುಗಿಸುತ್ತಾರೋ.

ಹಾಶಿಂ ಸಾಹೇಬರು ಬೆನ್ನ ಹಿಂದೆ ಬಂದು ಮೀಟರು ನೋಡಿದರು.
“ಆಕೆ ಏನು ಓದುತ್ತಿದ್ದಾಳೆ?”
ಹಾಡು ಕೇಳಿದವರು, ಅಂದೆ ನನ್ನ ಹರಕು ಅರಬ್ಬಿಯಲ್ಲಿ.
“ಬೇಡಿದವರೋ, ಆಲಿಸಿದವರೋ?”
ನಮ್ಮಲ್ಲಿ ಎರಡಕ್ಕೂ ಒಂದೇ ಮಾತು ಸಾಹೇಬರೇ.
ಅವರು ಹೊತ್ತು ತೆಗೆದುಕೊಂಡರು.
ಲಾಗ್ ಪುಸ್ತಕದಲ್ಲಿ ನಾನು ಬರೆದೆ:
ಸಂಗೀತ, ಹದಿನೈದು ನಿಮಿಷ. ಪವರ್, ರಾತ್ರಿಯ ಮಟ್ಟ.
ಎರಡು ಸುಳ್ಳು. ಕೆಳಗೆ ಅವರ ಸಹಿ,
ಶಾಯಿ ಆರಲೆಂದು ಊದಿದ್ದೂ ಅವರೇ.

ಈಗ ಎಫ್ಎಂ. ಕಂಬ ಮಲಗಿಸಿ ತುಂಡು ಮಾಡಿ ತೂಕಕ್ಕೆ ಹಾಕಿದರು.
ಅಲ್ಲಿ ವಿಲ್ಲಾಗಳೆದ್ದಿವೆ, ಹೊರಗಿನಿಂದ ತಂದ ಕೆಂಪುಮಣ್ಣಿನಲ್ಲಿ ಹುಲ್ಲು.
ಗುದ್ದಲಿಗೆ ಹಸಿರು ತಂತಿ ಸಿಕ್ಕರೆ ಮಾಲಿ ಬೈಯುತ್ತಾನೆ.
ಗುಜರಿಗೆ ಹೋಗುವ ಲಾಗ್ ಪುಸ್ತಕಗಳಲ್ಲಿ
ಒಂದನ್ನು ನಾನು ಕದ್ದೆ.

ಆ ಪುಟದಲ್ಲಿ ಇವತ್ತಿಗೂ ಒಂದು ಅಂತರ್ದೇಶೀಯ ಕಾಗದ ಇದೆ,
ಇಲ್ಲಿಗೆ ಅದು ಹೇಗೆ ತಲುಪಿತೋ, ಅಂಚೆಯವರೇ ಬಲ್ಲರು.
ಗಂಗೊಳ್ಳಿಯ ಮುದ್ರೆ. ಪೆನ್ಸಿಲ್ ಅಕ್ಷರ.
“ಹೆಸರು ಬಂತು. ಹಾಡು ಬರಲಿಲ್ಲ.
ಮುಂದಿನ ವಾರವಾದರೂ ದಯವಿಟ್ಟು ಹಾಕಿ.”

ಯಾವ ಹಾಡು ಅಂತ ಬರೆದಿಲ್ಲ.